ಕುಂಕುಮದ ಚುಕ್ಕೆ ಇಟ್ಟ ಕಂಡೆನ್ಸರ್

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ದೋಸೆ ಹಿಟ್ಟು ಹೆಚ್ಚು ಹುಳಿ ಬಂದಿತ್ತು, ಆದರೂ ಎರೆದೆ. ನಮ್ಮನೆಯವರಿಗೆ ಚಹಾ, ಬಿಳಗಿಯಿಂದ ಬಂದಿರುವ ಗೌರತ್ತೆಗೆ ಕಷಾಯ. ನಿನ್ನೆ ಕಣ್ಣಿನ ಡಾಕ್ಟರು ಕೊಟ್ಟ ಔಷಧವನ್ನು ಅತ್ತೆಯ ಎರಡೂ ಕಣ್ಣಿಗೆ ಎರಡೆರಡು ಹನಿ ಬಿಟ್ಟೆ. ಒಣಗಿದ ಬಟ್ಟೆ ಮಡಚಿಟ್ಟೆ. ಒಂಬತ್ತೂವರೆಗೆ ಸ್ಕೂಟರಿನಲ್ಲಿ ಇಸಳೂರಿನಿಂದ ಶಿರಸಿ ಪೇಟೆಗೆ ಹೋಗಿ ಎರಡು ಕಂಡೆನ್ಸರ್ ತಂದೆ. ಹತ್ತೂವರೆಗೆ ಅವನ್ನೇ ಬದಲಾಯಿಸಿಕೊಂಡು ಬರಲು ಇನ್ನೊಮ್ಮೆ ಹೋದೆ. ಬರುವಾಗ ಮಾವಿನಕಾಯಿ ಕಂಡಿತು, ನಾಲ್ಕು ತಂದೆ. ಆಮೇಲೆ ಜಗಲಿಯಲ್ಲಿ ಹಳೇ ಪೇಪರು ಹಾಸಿ, ಅಪ್ಪಯ್ಯನ ಆಂಪ್ಲಿಫೈಯರಿನ ತಳದ ತಗಡು ಬಿಚ್ಚಿ, ಹಳೆಯ ಕಂಡೆನ್ಸರಿನ ಕಾಲಿಗೆ ಬೆಸುಗೆ ಕಡ್ಡಿಯ ಬಿಸಿ ತಾಗಿಸಿದೆ. ತಾಗಿಸಿದ್ದೇ ತಡ, ಆ ವಾಸನೆ ಎದ್ದಿತು.

ವಾಸನೆ ಮೀನಿನದು. ಸುಳ್ಳಲ್ಲ. ಹಳೆಯ ಕಂಡೆನ್ಸರಿನ ಒಳಗಿನ ರಸ ಸೋರಿ ತಗಡಿಗೆ ಅಂಟಿಕೊಂಡಿರುತ್ತದೆ, ಬಿಸಿ ತಾಗಿದರೆ ಮೀನಿನ ಪೇಟೆಯ ಪಕ್ಕದಲ್ಲಿ ಹಾದುಹೋದ ಹಾಗೆ ಆಗುತ್ತದೆ. ನಾನು ಸಣ್ಣವಳಿದ್ದಾಗ ನಾವಿದ್ದ ಶಿರಸಿಯ ಓಣಿಯಲ್ಲಿ ನಮ್ಮ ಎಡಬಲದ ಮನೆಗಳಲ್ಲೆಲ್ಲ ಈರುಳ್ಳಿಯನ್ನೂ ದಿನ ನೋಡಿ ತಿನ್ನುವ ಜನ. ವಾರಕ್ಕೆರಡು ಸಲ ನಮ್ಮ ಮನೆಯಿಂದ ಈ ವಾಸನೆ ಹೊರಟರೆ ಅವರು ಎಂತ ತಿಳಿದುಕೊಳ್ಳಬೇಕು? ಪಕ್ಕದ ಮನೆಯಾಕೆ ಒಮ್ಮೆ ಬೇಲಿಯ ಹತ್ತಿರ ಬಂದು ಆಯಿಯನ್ನು ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟಿದ್ದಳು, "ನಿಂಗಳಲ್ಲಿ ಎಂತ ಬೇಯ್ತಾ ಇದ್ದು?" ಅಮ್ಮನಿಗೆ ನಾವು ಆಯಿ ಎನ್ನುತ್ತಿದ್ದುದು. ಆಯಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದಳು, "ಎಂಗಳಲ್ಲಿ ಎಂತೂ ಬೇಯ್ತಾ ಇಲ್ಲೆ. ಅವು ರೇಡಿಯೋ ಹುರೀತಾ ಇದ್ದ." ಅವು ಎಂದರೆ ಅಪ್ಪಯ್ಯ.

ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ಬಾಡಿಗೆಯದು. ಅಪ್ಪಯ್ಯ ರೇಡಿಯೋ ರಿಪೇರಿ ಮಾಡುತ್ತಿದ್ದ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅಂಗಡಿಗೂ ಮನೆಗೂ ನಡುವೆ ಬಾಗಿಲಿರಲಿಲ್ಲ, ಆಯಿಯ ಹಳೆಯ ಸೀರೆಯ ಪರದೆ ಇತ್ತು. ಹಾಗಾಗಿ ಅಂಗಡಿಯ ಬೆಸುಗೆ ರಾಳದ ಹೊಗೆ ಒಳಗೆ ಬರುತ್ತಿತ್ತು, ಒಳಗಿನ ಒಗ್ಗರಣೆ ಹೊರಗೆ ಹೋಗುತ್ತಿತ್ತು; ರಿಪೇರಿಗೆ ಬಂದ ರೇಡಿಯೋಗಳು ಇಂಗಿನ ವಾಸನೆ ಹೊತ್ತುಕೊಂಡೇ ಊರಿಗೆ ಮರಳುತ್ತಿದ್ದವು. ಒಡೆದುಹೋದ ಒಂದು ಮೈಕಿನ ಹಾರ್ನನ್ನು ಆಯಿ ಬೆಕ್ಕಿನ ಕಾಟಕ್ಕೆ ಮೊಸರಿನ ಪಾತ್ರೆಯ ಮೇಲೆ ಕವುಚಿ ಹಾಕುತ್ತಿದ್ದಳು. ಬೆಕ್ಕು ಅದರ ಸಣ್ಣ ಬಾಯಿಯಲ್ಲಿ ಮೂಗಿಟ್ಟು ಕೂಗಿದರೆ ಆ ಕೂಗು ದೊಡ್ಡದಾಗಿ ನೆಲದ ಮೇಲೆ ಹರಡುತ್ತಿತ್ತು, ನಾನು ನಗುತ್ತಿದ್ದೆ. ಈಗ ಅಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಇದೆ. ಒಲೆಯಿದ್ದ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ಇವತ್ತು ಕಂಡೆನ್ಸರ್ ತರಲು ಹೋದಾಗ ನಾನೂ ನನ್ನ ಸ್ಕೂಟರನ್ನು ಅಲ್ಲೇ, ಆಯಿ ಕೂತು ಹಾಲು ಕಾಯಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿದೆ. ಬೇರೆ ಕಡೆ ಜಾಗವಿರಲಿಲ್ಲ. ನಿಮ್ಮದೂ ಅಂಥದೊಂದು ಮನೆ ಇದ್ದಿದ್ದರೆ, ಈಗ ಅದರ ಮೇಲೆ ಎಂತ ನಿಂತಿದೆ ಎಂದು ನಾನು ಕೇಳುವುದಿಲ್ಲ. ಸಾಧಾರಣ ಇಂಥದ್ದೇ ಏನೋ ಇರುತ್ತದೆ.

ಗೌರತ್ತೆ ಅಪ್ಪಯ್ಯನ ಕೊನೆಯ ತಂಗಿ. ಮದುವೆಯಾಗುವ ಮುಂಚೆ ನಮ್ಮ ಜೊತೆಗೇ ಇದ್ದಳು. ಅಂಗಡಿಯ ಅರ್ಧ ಕೆಲಸ ಅವಳದು. ಬೋರ್ಡಿನ ಮೇಲೆ ಹೆಸರು ಮಾತ್ರ ಅಪ್ಪಯ್ಯನದು. ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವವಳು ಅವಳು, ಸುತ್ತು ಎಣಿಸುವಾಗ ನಾವು ಯಾರೂ ಮಾತಾಡುವಂತಿರಲಿಲ್ಲ. ಕಂಡೆನ್ಸರ್ ಪರೀಕ್ಷೆ ಮಾಡುವವಳೂ ಅವಳೇ. ಕರೆಂಟು ತೆಗೆದ ಮೇಲೂ ಕಂಡೆನ್ಸರ್ ತನ್ನೊಳಗೆ ಕರೆಂಟು ಇಟ್ಟುಕೊಂಡಿರುತ್ತದೆ, ಬರಿಗೈಯಲ್ಲಿ ಮುಟ್ಟಬಾರದು ಎಂದು ನನಗೆ ಮೊದಲು ಕಲಿಸಿದವಳು ಅವಳು. ಅದರ ಎರಡು ಕಾಲಿಗೆ ಬಲ್ಬಿನ ಎರಡು ತಂತಿ ಹಿಡಿದರೆ ಬಲ್ಬು ಒಂದು ಗಳಿಗೆ ಬೆಳಗಿ ಆರುತ್ತಿತ್ತು. "ಈಗ ಸತ್ತತು, ಮುಟ್ಟು" ಎನ್ನುತ್ತಿದ್ದಳು.

ಆಗಿನ ದೊಡ್ಡ ಕಂಡೆನ್ಸರುಗಳು ಅಲ್ಯೂಮಿನಿಯಂ ಡಬ್ಬಿಯ ಹಾಗೆ ಇರುತ್ತಿದ್ದವು, ಉಪ್ಪಿನಕಾಯಿಯ ಸಣ್ಣ ಭರಣಿಯಷ್ಟು. ಹಳೆಯ ಸೆಟ್ಟಿನಿಂದ ಬಿಚ್ಚಿದ ಒಳ್ಳೆಯವನ್ನು ಎಸೆಯುತ್ತಿರಲಿಲ್ಲ, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಆದರೆ ಅವುಗಳ ಮೇಲಿನ ಅಚ್ಚು ಕೈಬೆವರಿಗೆ ಅಳಿಸಿಹೋಗುತ್ತಿತ್ತು, ಪ್ಲಸ್ ಯಾವುದು ಮೈನಸ್ ಯಾವುದು ತಿಳಿಯುತ್ತಿರಲಿಲ್ಲ. ತಿರುಗಾಮುರುಗಾ ಕೂರಿಸಿದರೆ ಕಂಡೆನ್ಸರ್ ಕಾದು, ಉಬ್ಬಿ, ಒಡೆಯುತ್ತದೆ. ಅದಕ್ಕೆ ಗೌರತ್ತೆ ಮೀಟರಿನಲ್ಲಿ ನೋಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಪ್ಲಸ್ ಕಾಲಿನ ಬುಡದಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಅಪ್ಪಯ್ಯ ಆ ಚುಕ್ಕೆ ನೋಡಿ ಕೂರಿಸುತ್ತಿದ್ದ. ಮತ್ತೆ ಮೀಟರು ಹಿಡಿಯುತ್ತಿರಲಿಲ್ಲ. ತಂಗಿಯ ಚುಕ್ಕೆಯೆಂದರೆ ಅವನಿಗೆ ಅಷ್ಟು ಭರವಸೆ.

ಒಂದು ವರ್ಷ ಆಯುಧಪೂಜೆಯ ದಿನ ಎಲ್ಲ ಸಾಮಾನನ್ನೂ ತೊಳೆದು ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟಿದ್ದರು. ಇಕ್ಕುಳ, ಸ್ಕ್ರೂಡ್ರೈವರು, ಮೀಟರು, ಬೆಸುಗೆ ಹಾಕುವ ತಾಮ್ರದ ಕೋಲು, ಬಿಸ್ಕೀಟಿನ ಡಬ್ಬಿಯೂ. ಅತ್ತೆ ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಬಂದಳು. ಡಬ್ಬಿಯ ಹೊರಮೈಗೆ ಹಚ್ಚಿ ಮುಂದೆ ಹೋದಳು. ನಾನು ಮುಚ್ಚಳ ತೆಗೆದು ನೋಡಿದೆ. ಎಲ್ಲ ಕಂಡೆನ್ಸರಿಗೂ ಚುಕ್ಕೆ ಇತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಇನ್ನೂ ಪರೀಕ್ಷೆ ಮಾಡದೆ ಇಟ್ಟದ್ದು ಅದು ಎಂದು ಎಂಟೊಂಬತ್ತು ವರ್ಷದವಳಿಗೆ ಹೊಳೆಯಲಿಲ್ಲ. ಹಬ್ಬದ ದಿನ ಅದೊಂದೇ ಬೋಳು ಹಣೆಯಲ್ಲಿ ಕೂತಿದೆ ಎಂದು ಕನಿಕರವಾಯಿತು. ಬಟ್ಟಲಿನಲ್ಲಿ ಬೆರಳು ಅದ್ದಿ, ಒಂದು ಕಾಲಿನ ಬುಡಕ್ಕೆ, ಅತ್ತೆ ಇಡುವ ಹಾಗೇ ಒಂದು ಚುಕ್ಕೆ ಇಟ್ಟೆ. ಯಾವ ಕಾಲು? ನನಗೆ ಹತ್ತಿರವಾದ ಕಾಲು.

ಪೂಜೆಗೆ ಇಟ್ಟ ಸಾಮಾನನ್ನು ಮಾರನೇ ದಿನ ದಶಮಿಯ ಮಂಗಳಾರತಿ ಆಗುವ ತನಕ ಮುಟ್ಟಬಾರದು. ಮಾರನೇ ದಿನವೇ ಮಧ್ಯಾಹ್ನ ಯಲ್ಲಾಪುರದಲ್ಲಿ ತಾಳಮದ್ದಳೆ, ಮೈಕು ನಮ್ಮದು, ಮತ್ತು ಆಂಪ್ಲಿಫೈಯರು ಅಷ್ಟಮಿಯ ದಿನವೇ ಗುಂಯ್ ಎಂದು ಹಮ್ಮಿಂಗ್ ಶುರುಮಾಡಿ ಕೂತಿತ್ತು, ಕಂಡೆನ್ಸರ್ ಕೆಟ್ಟರೆ ಹಾಗೆಯೇ. ದಶಮಿಯ ಬೆಳಿಗ್ಗೆ ಮಂಗಳಾರತಿ ಮುಗಿಯುವ ಹೊತ್ತಿಗೆ ಜೀಪು ಬಂದು ಬಾಗಿಲಲ್ಲಿ ನಿಂತಿತ್ತು, ಕರೆಂಟು ಹೋಗಿತ್ತು. ಅತ್ತೆ ಒಳಗೆ ಅಡುಗೆಯಲ್ಲಿದ್ದಳು. ಅಪ್ಪಯ್ಯ ತಾಮ್ರದ ಕೋಲನ್ನು ಒಲೆಯ ಕೆಂಡದಲ್ಲಿ ಕಾಯಿಸಿಕೊಂಡು, ಡಬ್ಬಿಗೆ ಕೈಹಾಕಿ, ಅಳತೆಗೆ ಸರಿಯಾದದ್ದು ಸಿಕ್ಕಿತೆಂದು ಅದನ್ನೇ ತೆಗೆದು, ಚುಕ್ಕೆ ನೋಡಿ ಕೂರಿಸಿದ. ಕರೆಂಟಿಲ್ಲದ್ದರಿಂದ ಹಾಕಿ ನೋಡಲು ಆಗಲಿಲ್ಲ. ನಾನು ಪರದೆಯ ಹತ್ತಿರ ನಿಂತು ನೋಡುತ್ತಿದ್ದೆ. ನನ್ನ ಚುಕ್ಕೆಯದನ್ನು ಅಪ್ಪಯ್ಯ ಆರಿಸಿದನಲ್ಲ ಎಂದು ಖುಷಿಯೇ ಆಗಿತ್ತು.

ಯಲ್ಲಾಪುರದಲ್ಲಿ ಭಾಗವತರು ಪದ ಮುಗಿಸಿ, ಅರ್ಥಧಾರಿಗಳು ಇನ್ನೇನು ಬಾಯಿ ತೆರೆಯಬೇಕು ಎನ್ನುವಾಗ ಪೆಟ್ಟಿಗೆ ಢಬ್ ಎಂದಿತಂತೆ. ಕಾಗದದ ಚೂರು, ಬೆಳ್ಳಿಬಣ್ಣದ ತಗಡಿನ ಚೂರು, ಹೊಗೆ, ಮತ್ತು ಆ ವಾಸನೆ. ಸಭೆ ನಕ್ಕಿತಂತೆ. ಸಂಜೆ ಅಪ್ಪಯ್ಯ ಮನೆಗೆ ಬಂದಾಗ ಅವನ ಅಂಗಿಯ ಜೇಬಿನಲ್ಲಿ ಇನ್ನೂ ಕಾಗದದ ಚೂರು ಇತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಕೈಕಾಲು ತೊಳೆದು, ಒಡೆದ ಕಂಡೆನ್ಸರನ್ನು ಅತ್ತೆಯ ಮುಂದೆ ಇಟ್ಟು, "ನಿನ್ನ ಚುಕ್ಕೆ ನಂಬಿದ್ದು ಎನ್ನ ತಪ್ಪು" ಎಂದ. ಅತ್ತೆ ಅದನ್ನು ತಿರುಗಿಸಿ ನೋಡಿದಳು. ಹಿಂದಿನ ದಿನ ಅಷ್ಟೊಂದಕ್ಕೆ ಕುಂಕುಮ ಹಚ್ಚಿದ ಕೈ. ಇದಕ್ಕೂ ತಾನೇ ನೋಡದೆ ಹಚ್ಚಿರಬೇಕು ಎಂದು ಅವಳಿಗೇ ಅನಿಸಿತೋ ಏನೋ. ಅದನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಚುಕ್ಕೆ ನನ್ನದು ಎಂದು ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಮಾರನೇ ದಿನದಿಂದ ಅತ್ತೆ ಪರದೆಯ ಆಚೆ ಹೋಗಲಿಲ್ಲ. ಅಪ್ಪಯ್ಯ ಕರೆಯಲಿಲ್ಲ. ಒಂದೆರಡು ವಾರ ಕಳೆದ ಮೇಲೆ ಕರೆದನೇನೋ, ಆಗ ಅವಳು ಹೋಗಲಿಲ್ಲ. ಅರ್ಧ ಸುತ್ತಿದ ಟ್ರಾನ್ಸ್‌ಫಾರ್ಮರೊಂದು ಬಹಳ ಕಾಲ ಕಿಟಕಿಯ ಮೇಲೆ ಧೂಳು ಹಿಡಿಯುತ್ತ ಕೂತಿತ್ತು. ಎರಡು ವರ್ಷಕ್ಕೆ ಅವಳಿಗೆ ಬಿಳಗಿಗೆ ಮದುವೆಯಾಯಿತು. ಅಲ್ಲಿ ಮಿಕ್ಸರ್ ಕೆಟ್ಟರೂ ಅವಳು ಸಿದ್ದಾಪುರದ ಅಂಗಡಿಗೆ ಕಳಿಸುತ್ತಾಳೆ, ಮುಚ್ಚಳ ಸಹ ಬಿಚ್ಚುವುದಿಲ್ಲ. ಅಪ್ಪಯ್ಯ ಹೋದ, ಆಯಿ ಹೋದಳು, ಅಂಗಡಿ ಹೋಯಿತು. ನಾನು ಮಾತ್ರ, ಅತ್ತೆಯ ಬೆರಳು ನೋಡಿ ಕಲಿತದ್ದನ್ನು ಇಟ್ಟುಕೊಂಡು, ಇವತ್ತಿಗೂ ಅಕ್ಕಪಕ್ಕದವರ ರೇಡಿಯೋ, ಫ್ಯಾನು ಸರಿಮಾಡುತ್ತೇನೆ. ಅವಳಿಂದ ಕಸಿದುಕೊಂಡದ್ದನ್ನು ನಾನು ಬಳಸುತ್ತಿದ್ದೇನೆ ಎಂದು ಪ್ರತಿ ಸಲವೂ ಅನಿಸುತ್ತದೆ.

ಮೊನ್ನೆ ವಾನಳ್ಳಿ ಕಡೆಯ ಭಜನಾ ಮಂಡಳಿಯವರು ಈ ಆಂಪ್ಲಿಫೈಯರು ತಂದುಕೊಟ್ಟರು. ಅಪ್ಪಯ್ಯ ಕೈಯಾರೆ ಕಟ್ಟಿದ್ದು, ಅಂಗಡಿ ಮುಚ್ಚುವಾಗ ಅವರಿಗೆ ಕೊಟ್ಟಿದ್ದ. ಯಲ್ಲಾಪುರದಲ್ಲಿ ಒಡೆದ ಪೆಟ್ಟಿಗೆ ಅದೇ. ಈಗ ಹಮ್ಮಿಂಗ್ ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲವಂತೆ, ಗುಜರಿಗೆ ಹಾಕಲು ಮನಸ್ಸಾಗಲಿಲ್ಲವಂತೆ. ಅದೇ ವಾರ ಅತ್ತೆ ಕಣ್ಣು ತೋರಿಸಲು ಬಿಳಗಿಯಿಂದ ಬರುವವಳಿದ್ದಳು. ಪೊರೆ ಬಂದಿದೆ, ಆಪರೇಷನ್ ಆಗಬೇಕು. ಇವತ್ತು ನಾಲ್ಕೂವರೆ ಬಸ್ಸಿಗೆ ಹೊರಡುವುದು ಎಂದು ಬಂದ ದಿನವೇ ಹೇಳಿಬಿಟ್ಟಿದ್ದಳು. ಅಷ್ಟರೊಳಗೆ ಪೆಟ್ಟಿಗೆಯನ್ನು ಸರಿಮಾಡಿ ಅವಳ ಮುಂದೆ ಇಟ್ಟು, ಆ ಚುಕ್ಕೆ ನನ್ನದು ಎಂದು ಹೇಳಬೇಕು; ಹೇಳಿದರೆ ಅವಳು ಮತ್ತೆ ಬೆಸುಗೆ ಕೋಲು ಹಿಡಿದಾಳು. ಇಷ್ಟೇ ನನ್ನ ಲೆಕ್ಕಾಚಾರ.

ಆದರೆ ಇವತ್ತು ಯಾವುದೂ ಒಂದೇ ಸಲಕ್ಕೆ ಆಗುವ ದಿನವಾಗಿರಲಿಲ್ಲ. ಅಂಗಡಿಯವನು ಕೊಟ್ಟದ್ದು ಐವತ್ತು ವೋಲ್ಟಿನದು, ಬೇಕಾದ್ದು ಅರವತ್ತಮೂರರದ್ದು. ಮನೆಗೆ ಬಂದು ಕನ್ನಡಕ ಹಾಕಿಕೊಂಡ ಮೇಲೆ ಕಂಡಿತು. ಹಿಂದಕ್ಕೆ ಹೋದರೆ, "ಐವತ್ತರದ್ದು ಸಾಕಾಗ್ತದೆ ಅಕ್ಕಾ, ಎಲ್ಲರೂ ಅದನ್ನೇ ಹಾಕ್ತಾರೆ" ಎಂದ. "ಎಲ್ಲರದ್ದೂ ಒಡೆದ ಮೇಲೆ ನಿನ್ನ ಹತ್ರವೇ ಬರ್ತಾರಲ್ಲ, ಅದಕ್ಕೆ" ಎಂದೆ. ನಕ್ಕು ಬದಲಾಯಿಸಿಕೊಟ್ಟ. ಹೊಸದು ನನ್ನ ಹೆಬ್ಬೆರಳಿನಷ್ಟು ದಪ್ಪ, ಹಳೆಯದನ್ನು ಹಿಡಿದಿದ್ದ ತಗಡಿನ ಪಟ್ಟಿಯಲ್ಲಿ ಅದು ಲೊಡಲೊಡ ಅಲ್ಲಾಡಿತು. ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ ಕೂರಿಸಿದೆ. ಒಂದು ಕಾಲು ಬೆಸೆಯುವಾಗ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ನಮ್ಮನೆಯವರು ಎರಡು ಸಲ ಜಗಲಿಗೆ ಬಂದು, "ಇವತ್ತು ಊಟ ಇದ್ದ, ಇಲ್ಯ?" ಎಂದು ಕೇಳಿ ಹೋದರು. ಮೂರನೇ ಸಲ ಕೇಳಲಿಲ್ಲ, ಸುಮ್ಮನೆ ಬಂದು ನಿಂತು ಹೋದರು. ಅದು ಕೇಳುವುದಕ್ಕಿಂತ ಹೆಚ್ಚು.

ಕರೆಂಟು ಹೋದ ಹೊತ್ತಿನಲ್ಲಿ ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು, ಕಣ್ಣಿನ ಕೆಲಸ ಬೆರಳಿಗೇ ಬಿಟ್ಟು. ಪೆಟ್ಟಿಗೆ ಸರಿಯಾದ ಮೇಲೆ ಹೇಳುವುದೆಂದು ಅಂದುಕೊಂಡವಳು, ತಡೆಯಲಾರದೆ ಅಲ್ಲೇ ಹೇಳಿಬಿಟ್ಟೆ.

"ಅತ್ತೆ, ಆ ಚುಕ್ಕೆ ಇಟ್ಟಿದ್ದು ಆನು."

"ಯಾವ ಚುಕ್ಕೆ?"

"ಯಲ್ಲಾಪುರದಲ್ಲಿ ಒಡೆದ ಕಂಡೆನ್ಸರಿಂದು. ಆಯುಧಪೂಜೆ ದಿನ ಆನು ಡಬ್ಬಿ ತೆಗೆದು ಇಟ್ಟಿದ್ದು. ನೀನಲ್ಲ."

ಅವಳ ಬೆರಳು ನಿಂತಿತು. ಮತ್ತೆ ಬೀನ್ಸು ಮುರಿಯತೊಡಗಿತು. "ಸುಮ್ನಿರು ಮಾರಾಯ್ತಿ. ನಿಂಗೆ ಆಗ ಎಂಟೋ ಒಂಬತ್ತೋ. ನಿಂಗೆಂತ ನೆನಪಿರ್ತು? ಇಟ್ಟಿದ್ದು ಆನೇ."

"ಅಲ್ಲ ಅತ್ತೆ, ಎಂಗೆ ಸರೀ ನೆನಪಿದ್ದು—"

"ನಿನ್ನ ಅಪ್ಪಯ್ಯ ಆ ಮಾತು ಹೇಳಿದ್ದು ಎಂಗೆ. ಕೇಳಿಸ್ಕಂಡಿದ್ದು ಆನು. ನಲವತ್ತು ವರ್ಷ ಆದ ಮೇಲೆ ನೀ ಬಂದು, ಅದೂ ನಿಂದಲ್ಲ ಹೇಳಿರೆ, ಎಂಗೆ ಉಳದ್ದೆಂತ?" ಎಂದಳು. ದನಿ ಏರಲಿಲ್ಲ. "ಮಾವಿನಕಾಯಿ ಬೇಯ್ಸಕ್ಕೆ ಇಡು. ಹೊತ್ತಾತು."

ನಾನು ಮಾವಿನಕಾಯಿ ಬೇಯಲು ಇಟ್ಟು ಜಗಲಿಗೆ ಬಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಇಳಿಸಲು ಹೋದರೆ, ಇಲ್ಲಿ ಜಾಗ ಇಲ್ಲ ಅಂದಹಾಗಾಯಿತು. ಕರೆಂಟು ಬಂತು. ಉಳಿದ ಕಾಲುಗಳನ್ನು ಬೆಸೆದೆ, ಎರಡೆರಡು ಸಲ ಮೀಟರು ಹಿಡಿದು ನೋಡಿದೆ. ಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡಿದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು, ಅಂದರೆ ಕಂಡೆನ್ಸರ್ ತುಂಬಿಕೊಂಡಿತು, ತಪ್ಪಿಲ್ಲ. ಸ್ಪೀಕರು ಜೋಡಿಸಿದೆ. ಹಮ್ಮಿಂಗ್. ಮೊದಲಿನದಕ್ಕಿಂತ ಜಾಸ್ತಿ. ಡಯೋಡು ನೋಡಿದೆ, ಸರಿಯಿತ್ತು. ತಂತಿ ಅಲ್ಲಾಡಿಸಿದೆ, ಹಮ್ಮಿಂಗ್. ಬಿಚ್ಚಿ ಮತ್ತೆ ಬೆಸೆದೆ, ಹಮ್ಮಿಂಗ್. ಎರಡು ಗಂಟೆಯಾಯಿತು. ಹೊಸ ಕಂಡೆನ್ಸರ್ ಹಾಕಿ, ಅರ್ಧ ದಿನ ಹಾಕಿ, ಬೆರಳು ಎರಡು ಕಡೆ ಸುಟ್ಟುಕೊಂಡು, ಕೊನೆಗೂ ಅದೇ ಸದ್ದು. ಪೆಟ್ಟಿಗೆಯ ಮುಚ್ಚಳ ಎತ್ತಿ ಮೂಲೆಗೆ ಎಸೆದೆ. ತಗಡಿನ ಸದ್ದು ಒಳಗೂ ಕೇಳಿರಬೇಕು.

"ಅದು ಕಂಡೆನ್ಸರ್ ಹಮ್ಮಿಂಗಲ್ಲ" ಎಂದಳು ಅತ್ತೆ, ಅಡುಗೆಮನೆಯ ಬಾಗಿಲಿನಿಂದ. ಜಗಲಿಗೆ ಇಳಿದಿರಲಿಲ್ಲ. "ಕಂಡೆನ್ಸರ್ ಹೋದ್ದು ದಪ್ಪ ಸದ್ದು. ಇದು ಚೂಪು ಇದ್ದು. ಅರ್ತಿಂಗ್ ನೋಡು."

"ಅರ್ತಿಂಗ್ ತಂತಿ ತಗಡಿಗೆ ಆಗಲೇ ಬೆಸೆದಾತು, ಅತ್ತೆ."

"ಎಂತದ್ರಲ್ಲಿ ಬೆಸದ್ದೆ? ಆ ಪೆನ್ಸಿಲ್ ಹಂಗಿದ್ದ ಕಡ್ಡೀಲ? ಅದಕ್ಕೆ ಆ ತಗಡು ಕಾಯ್ತೇ ಇಲ್ಲೆ. ಮೇಲೆ ಸೀಸ ಕೂತಿದ್ದು, ಅಡಿಗೆ ಹಿಡೀಲೆ." ಸೆರಗಿಗೆ ಕೈ ಒರೆಸಿಕೊಂಡಳು. "ಅಣ್ಣನ ತಾಮ್ರದ ಕೋಲು ಇದ್ದ?"

ಇತ್ತು. ಅಟ್ಟದ ಪೆಟ್ಟಿಗೆಯಲ್ಲಿ, ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದೆ. ತಂದುಕೊಟ್ಟೆ. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿದಳು, ತುದಿಯನ್ನು ಹೆಬ್ಬೆರಳಿನಿಂದ ಸವರಿದಳು, ಗ್ಯಾಸಿನ ಒಲೆಯ ಮೇಲೆ ಇಟ್ಟಳು. ಪಕ್ಕದ ಒಲೆಯಲ್ಲಿ ಮಾವಿನಕಾಯಿ ಕುದಿಯುತ್ತಿತ್ತು. ತಾಮ್ರ ಸಾಕಷ್ಟು ಕಾದರೆ ಉರಿ ಹಸಿರಾಗುತ್ತದೆ; ಉರಿಯ ಬಣ್ಣ ಹಸಿರಾಯಿತೇ ಎಂದು ನನ್ನನ್ನು ಕೇಳಿದಳು. ಆಯಿತು ಎಂದೆ. ಸೆರಗು ಸುತ್ತಿ ಕೋಲು ಎತ್ತಿಕೊಂಡು ಜಗಲಿಗೆ ಬಂದಳು. ನಾನು ಟಾರ್ಚು ಹಿಡಿದೆ, ಅವಳ ಕೈಯನ್ನು ಅರ್ತಿಂಗಿನ ಜಾಗಕ್ಕೆ ತಂದು ಬಿಟ್ಟೆ. ಅಲ್ಲಿಂದ ಮುಂದೆ ಕೈಗೆ ಯಾರೂ ದಾರಿ ತೋರಿಸಬೇಕಾಗಲಿಲ್ಲ. ರಾಳ ಚುಂಯ್ ಎಂದಿತು. ತಗಡು ಕಾಯುವ ತನಕ ಕಾದಳು, ಆಮೇಲೆ ಸೀಸ ಮುಟ್ಟಿಸಿದಳು, ಅದು ನೀರಿನ ಹಾಗೆ ಹರಿದು, ಬೆಳ್ಳಗೆ ಮಿಂಚಿ, ಕೂತಿತು. ರಾಳದ ಹೊಗೆ ಅವಳ ಮುಖದ ಮೇಲೆ ಹಾದು ಒಳಗೆ ಹೋಯಿತು. ಒಳಗಿನಿಂದ ಮಾವಿನಕಾಯಿಯ ಹುಳಿವಾಸನೆ ಹೊರಗೆ ಬಂತು. ನಮ್ಮ ಈ ಮನೆಯಲ್ಲಿ ಜಗಲಿಗೂ ಅಡುಗೆಮನೆಗೂ ನಡುವೆ ಗಟ್ಟಿ ಬಾಗಿಲಿದೆ. ಇವತ್ತು ಅದನ್ನು ಹಾಕಲು ಯಾರಿಗೂ ನೆನಪಾಗಿರಲಿಲ್ಲ.

ಸ್ವಿಚ್ ಹಾಕಿದೆ. ಅಪ್ಪಯ್ಯನ ಪರೀಕ್ಷೆಯೆಂದರೆ ಹಾಡು ಹಾಕಿ ನೋಡುವುದಲ್ಲ. ಏನನ್ನೂ ಜೋಡಿಸದೆ, ದನಿ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿ ಇಟ್ಟು ಕೂರುತ್ತಿದ್ದ. ಏನೂ ಕೇಳದಿದ್ದರೆ ರಿಪೇರಿ ಮುಗಿದ ಹಾಗೆ. ಅತ್ತೆ ಒಂದು ಕಿವಿ ಇಟ್ಟಳು, ನಾನು ಈ ಕಡೆಯಿಂದ ಇನ್ನೊಂದು ಇಟ್ಟೆ. ಏನೂ ಕೇಳಲಿಲ್ಲ. ಅಪ್ಪಯ್ಯನ ಕೆಮ್ಮು, ಆಯಿಯ ಬಳೆ, ಹಾರ್ನಿನಲ್ಲಿ ಮೂಗಿಟ್ಟ ಬೆಕ್ಕು, ಯಾವುದೂ ಇಲ್ಲ. ನಾವು ಬಹಳ ಹೊತ್ತು ಹಾಗೇ ಇದ್ದೆವು.

"ಕುಂಕುಮ ತಗಂಬಾ" ಎಂದಳು ಅತ್ತೆ.

ಹೊಸ ಕಂಡೆನ್ಸರಿನ ಮೇಲೆ ಅಚ್ಚು ಇದೆ, ಚುಕ್ಕೆ ಬೇಕಾಗಿಲ್ಲ ಎಂದೆ. ಇರಲಿ ಎಂದಳು. ಸ್ವಿಚ್ ತೆಗೆದು, ಬಲ್ಬಿನ ತಂತಿ ಹಿಡಿದೆ. ಬಲ್ಬು ಬೆಳಗಿ ಆರಿತು. ದೇವರ ಮುಂದಿನ ಬಟ್ಟಲು ತಂದು, ಎರಡು ಹನಿ ಎಣ್ಣೆ ಬಿಟ್ಟು ಕಲಸಿ ಅವಳ ಮುಂದೆ ಹಿಡಿದೆ. ಅವಳು ಬೆರಳು ಅದ್ದಲಿಲ್ಲ. ಬಟ್ಟಲನ್ನು ನನ್ನ ಕಡೆಗೇ ಸರಿಸಿದಳು.

"ಎಂಗೆ ಕಣ್ಣು ಕಾಣ್ತಿಲ್ಲೆ, ಕೂಸೆ. ನೀನೇ ಇಡು" ಎಂದಳು. "ಈ ಸಲ ನೋಡಿ ಇಡು."

ನೋಡಿ ಇಟ್ಟೆ.

ಮೂರು ಗಂಟೆಗೆ ಊಟಕ್ಕೆ ಕೂತೆವು. ಅನ್ನ, ಬೀನ್ಸಿನ ಪಲ್ಯ, ಬೇಯಿಸಿದ ಮಾವಿನಕಾಯಿಯ ಅಪ್ಪೆಹುಳಿ, ಸುಟ್ಟ ಹಲಸಿನ ಹಪ್ಪಳ, ಮಜ್ಜಿಗೆ. ಅಪ್ಪೆಹುಳಿಗೆ ಉಪ್ಪು ಒಂದು ಚೂರು ಹೆಚ್ಚಾಗಿತ್ತು, ಆದರೂ ಅತ್ತೆ ಎರಡು ಲೋಟ ಕುಡಿದಳು. ಅದು ಕುಡಿದರೆ ನಿದ್ದೆ ಎಂದು ಗೊತ್ತಿದ್ದೂ ಕುಡಿದಳು. ಮೊದಲು ಮಲಗಿದವಳು ಅವಳೇ, ಜಗಲಿಯಲ್ಲಿ, ಆಂಪ್ಲಿಫೈಯರಿನ ಪಕ್ಕ ಚಾಪೆ ಹಾಸಿಕೊಂಡು. ಆಮೇಲೆ ನಮ್ಮನೆಯವರು. ನಾಲ್ಕೂವರೆ ಬಸ್ಸು ಹೋಗಿದ್ದು ಕೇಳಿಸಿತು. ನಾನು ಎಬ್ಬಿಸಲಿಲ್ಲ.